ಅಟ್ಟಕ್ಕೆ ಬಿಟ್ಟ ಗಾಳಿ

ನಮ್ಮ ಕಡೆ ಬಾಡಿಗೆ ಮನೆ ಹುಡುಕುವುದು ಏಪ್ರಿಲ್, ಮೇ ತಿಂಗಳಲ್ಲಿ. ಶಾಲೆ ಕಾಲೇಜು ಶುರುವಾಗುವ ಮುಂಚೆ ತಿಪಟೂರಿನ ಗಾಂಧಿನಗರ, ವಿದ್ಯಾನಗರದ ಬೀದಿಗಳಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ರಟ್ಟಿನ ತುಂಡು ಎಲ್ಲಿ ನೇತಾಡುತ್ತಿದೆ ಎಂದು ಗಂಡ ಹೆಂಡತಿ ಬಿಸಿಲಲ್ಲಿ ಅಲೆಯುತ್ತಾರೆ. ಆ ಬಿಸಿಲಿಗೆ ಎಂಥ ಗೋಡೆಯೂ ಒಣಗಿರುತ್ತದೆ. ಹಿಂದಿನವರು ಖಾಲಿ ಮಾಡಿದ ಮೇಲೆ ಓನರು ಒಂದು ಕೋಟು ಬಣ್ಣ ಹೊಡೆಸಿರುತ್ತಾರೆ. ನೀರು ದಿನಾ ಬಿಡುತ್ತಾರಾ, ಕರೆಂಟಿಗೆ ಬೇರೆ ಮೀಟರ್ ಇದೆಯಾ, ಗಾಡಿ ನಿಲ್ಲಿಸಲು ಜಾಗ ಎಲ್ಲಿ ಎಂದು ನಾವು ಕೇಳುತ್ತೇವೆ. ನೀವು ಯಾವ ಜನ, ಮನೆಯಲ್ಲಿ ಎಷ್ಟು ಮಂದಿ ಎಂದು ಅವರು ಕೇಳುತ್ತಾರೆ. ಗೋಡೆಯ ಮಾತು ಎರಡೂ ಕಡೆಯಿಂದ ಬರುವುದಿಲ್ಲ. ಈ ಸೀಮೆಗೆ ದೊಡ್ಡ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗೋಡೆ ತನ್ನ ಗುಣ ತೋರಿಸುವುದು ಆವಾಗ. ಅಷ್ಟು ಹೊತ್ತಿಗೆ ಅಡ್ವಾನ್ಸ್ ಕೊಟ್ಟು, ಹಾಲು ಉಕ್ಕಿಸಿ, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿ ಆಗಿರುತ್ತದೆ.

ಹೈಸ್ಕೂಲ್ ಮೇಷ್ಟ್ರಾಗಿ ವರ್ಗವಾದ ಕಡೆಗೆಲ್ಲ ಪಾತ್ರೆ ಪಡಗ ಕಟ್ಟಿಕೊಂಡು ಹೋಗಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ಊರಿನಲ್ಲೂ ನಾವು ಬಾಡಿಗೆ ಮನೆಯಲ್ಲಿ ಬಾಳಿದವರು. ತುರುವೇಕೆರೆಯ ಮನೆಯ ಒಳಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದೂ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು, ನಡುವೆ ಕೈ ತೂರುವಷ್ಟು ಸಂದಿ. ದೀಪಾವಳಿ ಕಳೆದು ಒಂದು ಮದುವೆಗೆ ಹೊರಡಬೇಕೆಂದು ನನ್ನಾಕೆ ಬೀರು ತೆಗೆದಳು. ರೇಷ್ಮೆ ಸೀರೆಯ ಮಡಿಕೆಗಳ ಮೇಲೆ ಬೂದು ಬಣ್ಣದ ಹುಡಿ ಕೂತಿತ್ತು. ನನ್ನ ಚರ್ಮದ ಬೆಲ್ಟಿಗೆ ಬಿಳಿ ರೋಮ ಬಂದಿತ್ತು. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಅಕ್ಷರವೂ ಕಿತ್ತು ಬರುತ್ತದೇನೋ ಎಂದು ಭಯವಾಯಿತು. ಇಬ್ಬರೂ ಸೇರಿ ಬೀರುವನ್ನು ಮುಂದಕ್ಕೆಳೆದು ಹಿಂದೆ ನೋಡಿದೆವು. ಗೋಡೆ ತುಂಬ ಕಪ್ಪು ಹಸಿರು ಚುಕ್ಕೆಗಳು. ಕೆಲವು ಪೆನ್ನಿನ ಮೊನೆಯಷ್ಟು, ಕೆಲವು ಒಂದಕ್ಕೊಂದು ಕೂಡಿಕೊಂಡು ಅಂಗೈಯಗಲ. ಬಗ್ಗಿ ನೋಡಿದರೆ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ನಿಂತದ್ದು ಕಾಣುತ್ತಿತ್ತು. ಬೆರಳಿಂದ ಸವರಿದರೆ ಮಸಿಯಂತೆ ಹರಡಿತು, ಅದರ ವಾಸನೆ ನೇರ ಗಂಟಲಿಗೆ ಇಳಿಯಿತು. ಮಗಳಿಗೆ ಬೆಳಗಿನ ಜಾವ ಬರುತ್ತಿದ್ದ ಒಣಕೆಮ್ಮಿಗೆ ನಾವು ಕಷಾಯ ಕಾಸಿ ಕುಡಿಸುತ್ತಿದ್ದೆವು. ಅವಳ ಮಂಚ ಆ ಬೀರುವಿನ ಪಕ್ಕದಲ್ಲೇ ಇತ್ತು.

ಗೋಡೆಗೆ ಹತ್ತಿದ್ದು ಬೂಷ್ಟು. ಬೂಷ್ಟು ಎಂದರೆ ಈ ಸೀಮೆಯವರು ಬೆಚ್ಚಿಬೀಳುವಷ್ಟು ಬೇರೆ ಯಾರೂ ಬೀಳಲಾರರು. ಎಳನೀರೋ ಹಸಿಕಾಯಿಯೋ ಕಿತ್ತ ವಾರದಲ್ಲೇ ಮಾರುವ ಕಡೆ ಆ ಭಯ ಅಷ್ಟಿಲ್ಲ. ನಮ್ಮದು ಉಂಡೆ ಕೊಬ್ಬರಿಯ ನಾಡು. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ, ಅಲ್ಲೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು. ಹಸಿ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ನೀರೇ. ಅದು ನೂರಕ್ಕೆ ಆರೇಳಕ್ಕೆ ಇಳಿದರೆ ಕೊಬ್ಬರಿ ಬಹುಕಾಲ ಕೆಡುವುದಿಲ್ಲ. ಅದಕ್ಕಿಂತ ಹೆಚ್ಚು ತೇವ ಉಳಿಯಿತೋ, ಆಸ್ಪರ್ಜಿಲಸ್, ಪೆನಿಸಿಲಿಯಂ, ರೈಜೋಪಸ್ ಜಾತಿಯ ಬೂಷ್ಟುಗಳು ಹತ್ತಿಕೊಳ್ಳುತ್ತವೆ. ಇವುಗಳಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬುದು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಬಿಡುತ್ತದೆ. ಅದು ಲಿವರಿಗೆ ಬಲು ಕೆಟ್ಟದ್ದು.

ನೊಣವಿನಕೆರೆ ಕಡೆಯ ನಮ್ಮಜ್ಜಿಯ ಮನೆಯಲ್ಲಿ ಅಟ್ಟದ ಮೇಲ್ವಿಚಾರಣೆ ಅಜ್ಜಿಯದೇ. ಅಟ್ಟಕ್ಕೆ ಹಾಸಿದ್ದು ಅಡಕೆ ದಬ್ಬೆ, ಒಂದೊಂದರ ನಡುವೆ ಎರಡು ಬೆರಳು ಸಂದಿ. ಕೆಳಗಿನ ಗಾಳಿ ಆ ಸಂದಿಯಿಂದ ಏರಿ ಕಾಯಿಗಳ ನಡುವೆ ಹಾದು ಹೆಂಚಿನ ಸಂದಿಯಿಂದ ಆಚೆ ಹೋಗಬೇಕು. ಗೋಡೆಗೆ ತಾಗಿಸಿ ಕಾಯಿ ಸುರಿಯಲು ಅಜ್ಜಿ ಬಿಡುತ್ತಿರಲಿಲ್ಲ, ಸುತ್ತ ಒಂದು ಗೇಣು ಜಾಗ ಬಿಡಲೇಬೇಕು. ಮುಂಗಾರಿಗೆ ಮುಂಚೆ ಆಳು ಹತ್ತಿಸಿ ಹೆಂಚು ಕೈಯಾಡಿಸಿ, ಒಡೆದದ್ದನ್ನು ತೆಗೆದು ಹೊಸದು ಹಾಕಿಸುತ್ತಿದ್ದಳು. ಒಡಕು ಕಾಯಿ, ಎಳಸು ಕಾಯಿ ಅಟ್ಟಕ್ಕೆ ಏರುವ ಹಾಗಿಲ್ಲ. ಅಂಥದ್ದೊಂದು ಕೊಳೆತರೆ ಸುತ್ತಲಿನವಕ್ಕೂ ತೇವ. ಜಡಿ ಹಿಡಿದರೆ ಏಣಿಯ ನಾಲ್ಕು ಮೆಟ್ಟಿಲು ಹತ್ತಿ ತಲೆ ತೂರಿಸಿ ಮೂಸಿ ನೋಡುವಳು. ಕೌಟು ವಾಸನೆ ಬಂದರೆ ಆ ಮೂಲೆಯ ಕಾಯಿಯನ್ನೆಲ್ಲ ಅಂದೇ ತಿರುವಿ ಹಾಕಿಸಬೇಕು. “ಅಟ್ಟಕ್ಕೆ ಗಾಳಿ ಬಿಡ್ರೋ, ಕಾಯಿ ಉಸಿರಾಡ್ಲಿ” ಎನ್ನುವುದು ಅವಳ ಬಾಯಲ್ಲಿ ಸದಾ ಇದ್ದ ಮಾತು.

ಇಷ್ಟು ಜತನ ಮಾಡದಿದ್ದರೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಬಿದ್ದುಹೋಗುತ್ತದೆ. ಅಲ್ಲಿ ಮಂಡಿಯವರು ಚೀಲಕ್ಕೆ ಕೈ ಹಾಕಿ ಒಂದೆರಡು ಉಂಡೆ ತೆಗೆದು, ಹೊರಳಿಸಿ, ಮೂಸಿ, ಒಂದನ್ನು ಸೀಳಿ ಒಳಮೈ ನೋಡುತ್ತಾರೆ. ಕಪ್ಪು ಕಂಡರೆ ಮುಖ ತಿರುಗಿಸುತ್ತಾರೆ. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಖರೀದಿ ಕೇಂದ್ರದಲ್ಲಂತೂ ಬೂಷ್ಟು ಹಿಡಿದದ್ದಕ್ಕೆ ಬಾಗಿಲೇ ಇಲ್ಲ. 2024ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತಲ್ಲ, ಆ ಬೆಲೆ ಒಣಗಿದ, ಚೊಕ್ಕ ಕೊಬ್ಬರಿಗೆ ಮಾತ್ರ. ಹಾಗಾಗಿ ತೇವ ಎಲ್ಲಿಂದ ಬರುತ್ತದೆ, ಗಾಳಿ ಎತ್ತ ಹೋಗುತ್ತದೆ ಎಂಬುದು ಇಲ್ಲಿನ ರೈತನಿಗೆ ಯಾವ ಇಂಜಿನಿಯರನ ಹಂಗೂ ಇಲ್ಲದೆ ಗೊತ್ತು.

ಇದೇ ಜನ ತೋಟದ ದುಡ್ಡಿನಲ್ಲಿ ಪೇಟೆಯಲ್ಲೊಂದು ಸೈಟು ತೆಗೆದು ಬಾಡಿಗೆಗೆಂದು ಮನೆ ಕಟ್ಟಿಸುವಾಗ ಆ ತಿಳಿವಳಿಕೆಯನ್ನು ತೋಟದಲ್ಲೇ ಬಿಟ್ಟು ಬರುತ್ತಾರೆ. ನನ್ನ ಸಂಕಟ ಅದೇ. ಕಾಯಿಗೆ ಸಿಗುವಷ್ಟು ಗಾಳಿ ಬಾಡಿಗೆಗೆ ಬಂದವರ ಮಕ್ಕಳಿಗೂ ಸಿಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

30×40 ಅಡಿಯ ಸೈಟು. ಒಂದಡಿಯೂ ದಂಡವಾಗಬಾರದೆಂದು ಎರಡೂ ಮಗ್ಗುಲಿಗೆ ಗೋಡೆ ಒತ್ತಿಸಿ ಕಟ್ಟುತ್ತಾರೆ. ಮಾಲೀಕರು ಮಹಡಿಯಲ್ಲಿ, ಬಾಡಿಗೆಯವರು ಕೆಳಗೆ. ಕೆಳಗಿನ ಮನೆಯನ್ನೇ ಮತ್ತೆ ಎರಡು ಮಾಡಿ, ಹಿಂದಿನ ಭಾಗವನ್ನು ಓದುವ ಹುಡುಗರಿಗೋ ಒಂಟಿ ನರ್ಸಮ್ಮನಿಗೋ ಕೊಡುತ್ತಾರೆ. ಆ ಹಿಂದಿನ ಮನೆಗೆ ಬಿಸಿಲು ಬೀಳುವುದಿಲ್ಲ. ಹಳೆಯ ತೊಟ್ಟಿ ಮನೆಗಳಲ್ಲಿ ನಡುವೆಯೇ ಆಕಾಶ ಇರುತ್ತಿತ್ತು, ಕಿಟಕಿಯ ಮೇಲೆ ಗವಾಕ್ಷಿ ಇರುತ್ತಿತ್ತು. ಈಗ ಕಳ್ಳರ ಭಯ, ಸೊಳ್ಳೆಯ ಭಯ, ಅದನ್ನೆಲ್ಲ ಮುಚ್ಚಿಬಿಟ್ಟಿದ್ದೇವೆ. ಬಚ್ಚಲು ಮಲಗುವ ಕೋಣೆಯೊಳಕ್ಕೇ ಬಂದಿದೆ, ಅದರ ಹಬೆಗೆ ಹೊರದಾರಿ ಇಲ್ಲ. ಗೋಡೆಗೆ ಮೊದಲು ಬಳಿಯುತ್ತಿದ್ದದ್ದು ಸುಣ್ಣ. ಹೊಸದಾಗಿ ಬಳಿದ ಸುಣ್ಣದ ಕ್ಷಾರಕ್ಕೆ ಬೂಷ್ಟು ನಿಲ್ಲುವುದಿಲ್ಲ, ಮೇಲಾಗಿ ಅದು ಗೋಡೆ ಹೀರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಗೌರಿಹಬ್ಬಕ್ಕೋ ದಸರೆಗೋ ವರ್ಷಕ್ಕೊಮ್ಮೆ ಸುಣ್ಣ ಹೊಡೆಯುತ್ತಿದ್ದವರು ಬರೀ ಚೆಂದಕ್ಕೆ ಹೊಡೆಯುತ್ತಿರಲಿಲ್ಲ. ಈಗ ಪುಟ್ಟಿ ತೀಡಿ ಪ್ಲಾಸ್ಟಿಕ್ ಇಮಲ್ಷನ್ ಬಳಿಯುತ್ತಾರೆ. ಗೋಡೆ ಒಳಗೆ ಒದ್ದೆಯಾಗಿದ್ದರೆ ಆ ಪೊರೆ ನೀರನ್ನು ಅಲ್ಲೇ ಹಿಡಿದಿಟ್ಟುಕೊಂಡು, ಕೊನೆಗೆ ಉಬ್ಬಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ನಮ್ಮ ಸೀಮೆಗೇ ವಿಶೇಷವಾದ ಇನ್ನೊಂದು ಕಾರಣವನ್ನು ಹೇಳಲೇಬೇಕು. ಊರಂಚಿನ ಬಡಾವಣೆಗಳಲ್ಲಿ ಕಾಯಿ ಸುಲಿದ ಮಟ್ಟೆಯನ್ನು ಮನೆಯ ಹಿಂಗೋಡೆಗೆ ಒರಗಿಸಿ ಆಳೆತ್ತರ ಒಟ್ಟಿರುತ್ತಾರೆ. ಬಚ್ಚಲೊಲೆಗೆ ಸೌದೆಯಾಯಿತು, ನಾರಿನ ಫ್ಯಾಕ್ಟರಿಯವರು ಬಂದರೆ ನಾಲ್ಕು ಕಾಸಾಯಿತು. ಆದರೆ ಮಟ್ಟೆ ಮಳೆ ನೀರನ್ನು ಹೀರಿಕೊಂಡು ವಾರಗಟ್ಟಲೆ ಬಿಡುವುದಿಲ್ಲ. ಆ ಗೋಡೆಯ ಒಳಮಗ್ಗುಲಲ್ಲಿ ಮಲಗಿದವರಿಗೆ ಇಡೀ ಕಾರ್ತಿಕ ಮಾಸ ಥಂಡಿ. 2021ರ ನವೆಂಬರ್ ಮತ್ತು 2022ರ ಮಳೆಗೆ ತುಮಕೂರು ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ಎಲ್ಲರೂ ಸಂತೋಷಪಟ್ಟೆವು, ಬೋರ್‌ವೆಲ್‌ಗಳಿಗೆ ಜೀವ ಬಂತು. ಆ ವರ್ಷಗಳಲ್ಲೇ ಬಾಡಿಗೆ ಮನೆಗಳ ಒಳಗೋಡೆಗಳು ಏನಾಗಿದ್ದವು ಎಂಬುದನ್ನು ಅಲ್ಲಿ ಇದ್ದವರನ್ನು ಕೇಳಬೇಕು.

ಬೂಷ್ಟು ಕಂಡ ಮೇಲೆ ಜಗಳ ಶುರು. “ಏನ್ ಮೇಷ್ಟ್ರೇ, ಗೋಡೆನ ಹಿಂಗ್ ಮಾಡ್ಬುಟ್ಟಿದೀರಾ? ಮನೆವೊಳ್ಗೆ ಬಟ್ಟೆ ಒಣಗಾಕ್ತೀರಾ, ಕಿಟಕಿ ತೆಗೆಯಲ್ಲ” ಎಂದು ಅವರು. “ಇಲ್ಲಣ್ಣ, ಮಳೆ ಬಂದಾಗೆಲ್ಲ ಆ ಮೂಲೆಯಿಂದ ಒಸರುತ್ತೆ, ನೀವೇ ಬಂದು ನೋಡಿ” ಎಂದು ನಾವು. ಇಬ್ಬರ ಮಾತಿನಲ್ಲೂ ನಿಜ ಇರಬಹುದು, ಯಾಕೆಂದರೆ ನೀರು ಬರುವ ದಾರಿ ಒಂದಲ್ಲ. ನೆಲದಿಂದ ಮಂಡಿಯೆತ್ತರದವರೆಗೆ ಗೋಡೆ ಉಪ್ಪುಪ್ಪಾಗಿ ಉದುರುತ್ತಿದ್ದರೆ ಅದು ಪಾಯದಿಂದ ಏರಿದ ತೇವ; ಪಾಯದ ಮೇಲೆ ನೀರು ತಡೆಯುವ ಪದರ ಹಾಕದೆ ಇಟ್ಟಿಗೆ ಕೂರಿಸಿರಬಹುದು, ಇಲ್ಲವೇ ಹಾಕಿದ್ದು ಕೆಟ್ಟಿರಬಹುದು. ಸೂರಿನ ಮೂಲೆಯಲ್ಲಿ ಕಂದು ಗೆರೆ ಎದ್ದು ಅದರ ಸುತ್ತ ಚುಕ್ಕೆ ಹಬ್ಬಿದ್ದರೆ ತಾರಸಿಯ ಬಿರುಕು, ಇಲ್ಲವೇ ಮೇಲಿನ ಟ್ಯಾಂಕು ತುಂಬಿ ಸುರಿಯುವ ನೀರು. ಮಳೆಗೂ ಪೈಪಿಗೂ ಸಂಬಂಧವಿಲ್ಲದ ಕಡೆ, ಬೀರುವಿನ ಹಿಂದೆ, ಮಂಚದ ತಲೆದೆಸೆಯಲ್ಲಿ ಮಾತ್ರ ಬರುತ್ತಿದ್ದರೆ ಅದು ಮನೆಯೊಳಗಿನ ಹಬೆ. ಅನ್ನ ಬೇಯುವ ಹಬೆ, ಬಿಸಿನೀರಿನ ಹಬೆ, ನಾವು ರಾತ್ರಿಯಿಡೀ ಬಿಡುವ ಉಸಿರು, ಎಲ್ಲವೂ ತಣ್ಣಗಿನ ಗೋಡೆಗೆ ಹೋಗಿ ಕೂರುತ್ತವೆ. ಅನುಮಾನವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕೂತರೆ ಗೋಡೆಯ ತಪ್ಪು, ಮುಂದೆ ಕೂತರೆ ಕೋಣೆಯ ಗಾಳಿಯ ತಪ್ಪು. ಎಷ್ಟೋ ಜಗಳ ಇಷ್ಟರಲ್ಲೇ ಮುಗಿಯುತ್ತದೆ.

ಹಬೆಯಿಂದ ಬಂದದ್ದಕ್ಕೆ ಬಾಡಿಗೆಯವರು ಮಾಡಬಹುದಾದದ್ದು ಬಹಳ ಇದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಇಡಬೇಕು, ಅದೂ ಹೊರಗೋಡೆ ಬಿಟ್ಟು ಒಳಗೋಡೆಗೆ. ಬೆಳಗ್ಗೆ ಎದುರು ಬದುರಿನ ಬಾಗಿಲು ಕಿಟಕಿಯನ್ನು ಕೆಲ ಹೊತ್ತಾದರೂ ಒಟ್ಟಿಗೆ ತೆರೆದಿಡಬೇಕು. ಒಂದೇ ಕಿಟಕಿ ತೆರೆದರೆ ಗಾಳಿ ಓಡಾಡುವುದಿಲ್ಲ. ಸ್ನಾನವಾದ ಮೇಲೆ ಬಚ್ಚಲ ಬಾಗಿಲು ಮುಚ್ಚಿ ಅದರ ಕಿಟಕಿ ತೆರೆಯಬೇಕು. ನೆಲ, ಗೋಡೆ, ಹಾಸಿಗೆ ಯಾವುದೇ ನೆನೆದರೂ ಒಂದೆರಡು ದಿನದೊಳಗೆ ಒಣಗಿಸಿಬಿಟ್ಟರೆ ಬೂಷ್ಟಿಗೆ ಬೇರೂರಲು ಹೊತ್ತು ಸಿಗುವುದಿಲ್ಲ. ಬಂದಿರುವುದನ್ನು ಒಣ ಪೊರಕೆಯಲ್ಲಿ ಕೆರೆಯುವುದು ಬೇಡ, ಅದರ ಹುಡಿ ಮನೆಯೆಲ್ಲ ಹಾರುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಬೇಕು. ಕೆಲವರು ಬ್ಲೀಚಿಂಗ್ ಪೌಡರ್ ಜೊತೆಗೆ ಬಚ್ಚಲು ತೊಳೆಯುವ ಆ್ಯಸಿಡ್ಡನ್ನೂ ಸುರಿಯುತ್ತಾರೆ. ಹಾಗೆ ಎಂದೂ ಮಾಡಬಾರದು; ಎರಡೂ ಕೂಡಿದರೆ ಏಳುವ ಕ್ಲೋರಿನ್ ಹೊಗೆ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಸಂಚಕಾರ.

ಪಾಯದಿಂದ, ತಾರಸಿಯಿಂದ, ಪೈಪಿನಿಂದ ಬಂದ ನೀರಿಗೆ ಬಾಡಿಗೆಯವರು ಏನು ಮಾಡಿಯಾರು? ಅದು ಮನೆಯವರೇ ಮಾಡಿಸಬೇಕಾದ ಕೆಲಸ. ಹಾಗೆ ಬಂದ ಬೂಷ್ಟಿನ ಮೇಲೆ ಬಣ್ಣ ಹೊಡೆಸುವುದನ್ನು ಕಂಡರೆ ನನಗೆ ಕೋಪ ಬರುತ್ತದೆ. ಬಣ್ಣದ ದುಡ್ಡನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಗೋಡೆ ಕೆಡಿಸಿದ್ದು ತಾರಸಿಯ ಬಿರುಕು, ದಂಡ ತೆತ್ತದ್ದು ಖಾಲಿ ಮಾಡಿದವರು. ಮುಂದೆ ಬರುವವರಿಗೆ ಆ ಬಣ್ಣದ ಹಿಂದೆ ಏನಿದೆ ಎಂದು ಗೊತ್ತಾಗುವುದೂ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಇಷ್ಟು ಹಳೆಯದಾದರೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತನಗೆ ಗೊತ್ತಿದ್ದು, ಬರುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷವನ್ನು ಮಾಲೀಕ ಮೊದಲೇ ಹೇಳಬೇಕು. ತಾನು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಅವಧಿಯಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ, ಪೈಪು ಬದಲಿಸುವುದು ಇವನ್ನೆಲ್ಲ ಮಾಲೀಕರ ಪಟ್ಟಿಯಲ್ಲೇ ಬರೆದಿದೆ. ಅದು ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಜಾರಿ. ಆದರೂ ಹನ್ನೊಂದು ತಿಂಗಳ ಕರಾರು ಬರೆಸುವಾಗ ಅದರಿಂದ ಎರಡು ಸಾಲು ಎತ್ತಿ ಸೇರಿಸಲು ಯಾರ ಅಡ್ಡಿಯೂ ಇಲ್ಲ. ಬೂಷ್ಟು ಕಂಡ ದಿನವೇ ಫೋನಿನಲ್ಲಿ ಫೋಟೊ ತೆಗೆದು ಕಳಿಸಿ, ಒಂದು ಸಾಲು ಬರೆದು ತಿಳಿಸಿದರೆ ಮುಂದೆ ಅಡ್ವಾನ್ಸಿನ ಮಾತು ಬಂದಾಗ ಕೈಯಲ್ಲಿ ಆಧಾರ ಇರುತ್ತದೆ. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ಖಾಲಿ ಮಾಡಿ ಎಂದುಬಿಟ್ಟಾರು ಎಂಬ ಭಯ ಎಲ್ಲರಿಗೂ ಇದೆ.

ಇದು ಗೋಡೆಯ ಅಂದಗೆಡುವ ಮಾತಷ್ಟೇ ಎಂದುಕೊಳ್ಳುವವರಿಗೆ ಇಂಗ್ಲೆಂಡಿನ ಒಂದು ಸಂಗತಿ ಹೇಳಬೇಕು. ರೋಚ್‌ಡೇಲ್ ಎಂಬ ಊರಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದ ಅವಾಬ್ ಇಶಾಕ್ ಎಂಬ ಎರಡು ವರ್ಷದ ಕೂಸು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟನ್ನು ಬಹುಕಾಲ ಉಸಿರಾಡಿದ್ದೇ ಕಾರಣ ಎಂದು ಸಾವಿನ ವಿಚಾರಣೆ ನಡೆಸಿದ ಅಧಿಕಾರಿ 2022ರ ನವೆಂಬರಿನಲ್ಲಿ ತೀರ್ಮಾನ ಕೊಟ್ಟರು. ಅಪ್ಪ 2017ರಲ್ಲೇ ದೂರು ಹೇಳಿದ್ದ. ಅವನಿಗೆ ಸಿಕ್ಕ ಉತ್ತರ, ಮೇಲೆ ಬಣ್ಣ ಹೊಡೆ ಎಂದು. ಆ ಮಗುವಿನ ಹೆಸರಿನಲ್ಲಿ ಅಲ್ಲಿ ಕಾನೂನು ಬಂದು, 2025ರ ಅಕ್ಟೋಬರಿನಿಂದ ಸಾರ್ವಜನಿಕ ವಸತಿಯ ಮನೆಗಳಲ್ಲಿ ತೇವ, ಬೂಷ್ಟಿನ ದೂರನ್ನು ಇಂತಿಷ್ಟು ದಿನದೊಳಗೆ ನೋಡಲೇಬೇಕು ಎಂದಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿ, ಇವುಗಳಿಂದ ಉಬ್ಬಸ, ಉಸಿರಾಟದ ತೊಂದರೆಗಳ ಅಪಾಯ ಹೆಚ್ಚುತ್ತದೆ, ಮೊದಲು ತೇವವನ್ನೇ ತಡೆಯಿರಿ ಎಂದಿತ್ತು. ನಮ್ಮ ಊರುಗಳಲ್ಲಿ ಕೆಮ್ಮುವ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಅದು ಮಲಗುವ ಕೋಣೆಯ ಗೋಡೆ ಹೇಗಿದೆ ಎಂದು ಡಾಕ್ಟರೂ ಕೇಳಬೇಕು, ನಾವೂ ಹೇಳಬೇಕು.

ಚಿಕ್ಕನಾಯಕನಹಳ್ಳಿಯಲ್ಲಿ ನಮಗೆ ಮನೆ ಕೊಟ್ಟಿದ್ದವರು ವಯಸ್ಸಾದ ದಂಪತಿ, ಹುಳಿಯಾರು ರಸ್ತೆಯ ಕಡೆ ತೋಟ ಇಟ್ಟುಕೊಂಡಿದ್ದವರು. ಮೊದಲ ಮಳೆಗಾಲದಲ್ಲೇ ಅಡುಗೆಮನೆಯ ಮಗ್ಗುಲ ಗೋಡೆ ಸೊಂಟದೆತ್ತರ ಕಪ್ಪಾಯಿತು. ಹೇಳಿದ ಮಾರನೆಯ ದಿನವೇ ಯಜಮಾನರು ಟಾರ್ಚು ಹಿಡಿದು ಬಂದರು. ಗೋಡೆಗೆ ಅಂಗೈ ಒತ್ತಿದರು, ಮೂಸಿದರು, ಹೊರಗೆ ಹೋಗಿ ಟ್ಯಾಂಕಿನ ಪೈಪು ಎಲ್ಲಿ ಸುರಿಯುತ್ತದೆ ಎಂದು ನಿಂತು ನೋಡಿದರು. ನೀರು ನೇರ ಆ ಗೋಡೆಯ ಬುಡಕ್ಕೇ ಬೀಳುತ್ತಿತ್ತು. “ಅಟ್ಟದಾಗೆ ಕಾಯಿ ಕೆಟ್ರೆ ಕಾಯಿನ ಬೈಯ್ತೀವಾ ಮೇಷ್ಟ್ರೇ, ಅಟ್ಟ ನೋಡ್ಕಬೇಕು” ಎಂದರು. ಮಳೆ ಹಿಡಿತ ಬಿಟ್ಟ ಮೇಲೆ ಮೇಸ್ತ್ರಿ ಬಂದು ಪೈಪನ್ನು ಚರಂಡಿಗೆ ತಿರುಗಿಸಿದ. ಗೋಡೆಯ ಗಾರೆಯನ್ನು ಸೊಂಟದವರೆಗೆ ಕೆತ್ತಿ ಇಟ್ಟಿಗೆಯನ್ನು ಹಾಗೇ ಒಣಗಲು ಬಿಟ್ಟರು, ಸಂಕ್ರಾಂತಿಯವರೆಗೂ. ಆ ಎರಡು ತಿಂಗಳು ಅಡುಗೆಮನೆ ನೋಡಲು ಚೆನ್ನಾಗಿರಲಿಲ್ಲ, ಆದರೆ ಅವಸರ ಮಾಡಿ ಗಾರೆ ಮೆತ್ತಿದ್ದರೆ ಒಳಗಿನ ತೇವ ಅಲ್ಲೇ ಉಳಿಯುತ್ತಿತ್ತು. ಒಲೆಯ ಮೇಲ್ಗಡೆ ಗೋಡೆ ಕೊರೆದು ಎರಡು ಗವಾಕ್ಷಿ ಬಿಡಿಸಿ ಜಾಲರಿ ಹೊಡೆಸಿದರು. ಹೊಸ ಗಾರೆ ಒಣಗಿದ ಮೇಲೆ ಸುಣ್ಣವನ್ನೇ ಬಳಿಸಿದರು. ಕಟ್ಟಡದ ಖರ್ಚು ಅವರದು, ಜಾಲರಿಯದು ನಮ್ಮದು ಎಂದು ಮಾತಾಗಿತ್ತು. ಮುಂದಿನ ಮಳೆಗಾಲದಲ್ಲಿ ಆ ಗೋಡೆ ಬೆಳ್ಳಗೇ ಇತ್ತು. ಅದಾದ ಏಪ್ರಿಲಿನಲ್ಲಿ ಬಾಡಿಗೆ ಏರಿಸಿದರು. ಕೇಳಿದಷ್ಟನ್ನೂ ಕೊಟ್ಟು, ಮತ್ತೆ ವರ್ಗವಾಗುವವರೆಗೂ ನಾವು ಅಲ್ಲೇ ಇದ್ದೆವು.